ಬಗಲಲ್ಲೊಂದು ಕೂಸು

ನಮ್ಮ ಶಾಲೆಯಲ್ಲಿ ಚಿತ್ರಕಲೆಯ ಮಾಸ್ತರರು ರಜೆ ಹಾಕಿದ ದಿನ ಅವರ ತಾಸು ನನ್ನ ಪಾಲಿಗೆ ಬರುತ್ತದೆ. ನನಗೋ ಚಿತ್ರ ಬರೆಯಲು ಬಾರದು. ಮಾವಿನಕಾಯಿ ಬರೆದರೆ ಬದನೆಕಾಯಿ ಆಗುತ್ತದೆ. ಹೀಗಾಗಿ ಮಕ್ಕಳಿಗೆ ಏನಾದರೊಂದು ವಿಷಯ ಕೊಟ್ಟು ನಾನು ವಹಿ ತಿದ್ದುತ್ತ ಕೂಡುತ್ತೇನೆ. 2022ರ ಸೆಪ್ಟೆಂಬರಿನಲ್ಲಿ ಅಂಥದೇ ಒಂದು ತಾಸು. ಆ ವಾರವೆಲ್ಲ ಮಕ್ಕಳ ಬಾಯಲ್ಲಿ ಒಂದೇ ಮಾತು. ಮಕ್ಕಳ ಕಳ್ಳರು ಬಂದಿದ್ದಾರಂತೆ, ಅಥಣಿ ಕಡೆ ಸಿಕ್ಕರಂತೆ, ಕಾಗವಾಡದಲ್ಲಿ ನೋಡಿದರಂತೆ. ಎಲ್ಲವೂ ಮನೆಯ ಮೊಬೈಲುಗಳಿಂದ ಬಂದ ಸುದ್ದಿ. "ಹಾಗಾದರೆ ಮಕ್ಕಳ ಕಳ್ಳ ಹೇಗಿರುತ್ತಾನೆ, ಬರೆಯಿರಿ ನೋಡೋಣ" ಎಂದೆ.

ತಾಸು ಮುಗಿದಾಗ ಮೇಜಿನ ಮೇಲೆ ಹಾಳೆಗಳ ರಾಶಿ. ಒಂದೊಂದಾಗಿ ತಿರುವಿ ಹಾಕಿದೆ. ಎಲ್ಲರ ಕಳ್ಳನೂ ಅಣ್ಣತಮ್ಮಂದಿರ ಹಾಗೆ ಇದ್ದರು. ದಪ್ಪ ಮೀಸೆ, ಕೆಂಪು ಕಣ್ಣು, ಹೆಗಲ ಮೇಲೆ ಚೀಲ. ಒಂದೆರಡರಲ್ಲಿ ಗಡ್ಡ ಬಿಟ್ಟ ಸಾಧು. ಒಂದರಲ್ಲಿ ಮಾತ್ರ ಕಪ್ಪು ಕನ್ನಡಕ, ಅದು ಸಿನಿಮಾ ನೋಡುವ ಹುಡುಗನದು ಎಂದು ಹೆಸರು ನೋಡದೆಯೇ ತಿಳಿಯಿತು.

"ಕಳ್ಳಿ ಯಾರೂ ಬರದಿಲ್ಲಲ್ಲ?" ಎಂದು ಕೇಳಿದೆ.

ಮುಂದಿನ ಸಾಲಿನ ಹುಡುಗಿ ನನ್ನನ್ನೇ ಪಾಪ ಎನ್ನುವಂತೆ ನೋಡಿ, "ಅಕ್ಕೋರ, ಕಳ್ಳ ಅಂದ ಮ್ಯಾಲ ಮೀಸಿ ಇರಬೇಕಲ್ರಿ?" ಎಂದಳು.

ನಕ್ಕೆ. ಆದರೆ ಆ ನಗು ಗಂಟಲಿನಿಂದ ಕೆಳಗೆ ಇಳಿಯಲಿಲ್ಲ. ಏಕೆಂದರೆ ಬಗಲಲ್ಲಿ ಕೂಸನ್ನು ಎತ್ತಿಕೊಂಡ ಒಬ್ಬ ಹೆಂಗಸಿನ ಮುಖ ಇಪ್ಪತ್ತೈದು ವರ್ಷಗಳಿಂದ ನನ್ನ ಕಣ್ಣಮುಂದೆ ಇದೆ. ಅವಳ ಮಾತನ್ನು ಹೇಳುವ ಮೊದಲು ಬೇರೆ ಕೆಲವು ಮಾತುಗಳನ್ನು ಹೇಳಬೇಕಾಗಿದೆ.

ಕಂಡಿರದ ಅಪರಾಧಿಯ ಚಿತ್ರ ಬರೆಯುವುದನ್ನೇ ಕಸುಬು ಮಾಡಿಕೊಂಡವರು ಅಮೆರಿಕದಲ್ಲಿದ್ದಾರೆ. ಬಣ್ಣದ ಚಿತ್ರವಲ್ಲ, ಮನಸ್ಸಿನ ಚಿತ್ರ. ಸರಣಿ ಕೊಲೆಗಳಾದಾಗ ಕೊಂದ ರೀತಿ, ಸ್ಥಳ, ಹೊತ್ತು ಎಲ್ಲವನ್ನೂ ನೋಡಿ, ಇವನು ಇಂಥ ವಯಸ್ಸಿನವ, ಇಂಥ ಸ್ವಭಾವದವ, ಇಂಥಲ್ಲಿ ಇರಬಹುದು ಎಂದು ಪೊಲೀಸರಿಗೆ ಹೇಳುತ್ತಾರೆ. ಅವರಿಗೆ ಪ್ರೊಫೈಲರ್ ಎಂದು ಹೆಸರು. ಈಗ ಧಾರಾವಾಹಿಗಳಲ್ಲಿ ಅವರದೇ ದರಬಾರು. ನನ್ನ ಮಗನೂ ಸೊಸೆಯೂ ರಾತ್ರಿ ಊಟ ಮರೆತು ನೋಡುತ್ತಾರೆ.

ಈ ವಿದ್ಯೆಗೆ ಹೆಸರು ತಂದುಕೊಟ್ಟ ಕತೆಯೊಂದಿದೆ. ನ್ಯೂಯಾರ್ಕ್ ನಗರದಲ್ಲಿ 1940ರಿಂದ 1956ರವರೆಗೆ ಒಬ್ಬ ಅಜ್ಞಾತ ಮನುಷ್ಯ ಸಿನಿಮಾ ಮಂದಿರ, ರೈಲು ನಿಲ್ದಾಣ, ಗ್ರಂಥಾಲಯಗಳಲ್ಲಿ ಬಾಂಬು ಇಡುತ್ತಿದ್ದ. ಬೇಸತ್ತ ಪೊಲೀಸರು 1956ರಲ್ಲಿ ಜೇಮ್ಸ್ ಬ್ರಸೆಲ್ ಎಂಬ ಮನೋವೈದ್ಯರ ಬಳಿ ಹೋದರು. ಅವರು, ಆತ ಮದುವೆಯಾಗದವ, ಮನೆಯ ಹೆಂಗಸರ ಜೊತೆ ಇರುವವ, ಅಚ್ಚುಕಟ್ಟಾಗಿ ಬಟ್ಟೆ ಹಾಕುವವ, ನೀವು ಹಿಡಿದಾಗ ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡಿರುತ್ತಾನೆ ಎಂದರಂತೆ. 1957ರ ಜನವರಿಯಲ್ಲಿ ಜಾರ್ಜ್ ಮೆಟೆಸ್ಕಿ ಎಂಬವ ಸಿಕ್ಕ. ಮದುವೆಯಾಗಿರಲಿಲ್ಲ, ಅಕ್ಕಂದಿರ ಜೊತೆ ಇದ್ದ, ಕೋಟಿನ ಗುಂಡಿಯನ್ನೂ ಹಾಕಿಕೊಂಡಿದ್ದ. ಬ್ರಸೆಲ್ ಸಾಹೇಬರ ಕೀರ್ತಿ ಲೋಕವೆಲ್ಲ ಹಬ್ಬಿತು.

ಆದರೆ ಅವನ ಹೆಸರನ್ನು ಪತ್ತೆ ಹಚ್ಚಿದವರು ಬೇರೆ. ಅವನು ಮೊದಲು ಕೆಲಸ ಮಾಡಿ ಗಾಯಗೊಂಡಿದ್ದ ವಿದ್ಯುತ್ ಕಂಪನಿಯಲ್ಲಿ ಆಲಿಸ್ ಕೆಲ್ಲಿ ಎಂಬ ಗುಮಾಸ್ತೆ ಇದ್ದರು. ಹಳೆಯ ಕಡತಗಳನ್ನು ಒಂದೊಂದಾಗಿ ಓದುತ್ತ ಕುಳಿತ ಆಕೆಗೆ, ಪರಿಹಾರ ಸಿಗದೆ ಅವನು ಎಂದೋ ಬರೆದ ಸಿಟ್ಟಿನ ಪತ್ರಗಳು ಸಿಕ್ಕವು. ಬಾಂಬಿನವನು ಬರೆದ ಪತ್ರಗಳಲ್ಲಿದ್ದ ಮಾತೇ ಅವುಗಳಲ್ಲಿತ್ತು. ಚಿತ್ರ ಬರೆದವರ ಹೆಸರು ಉಳಿಯಿತು, ದೂರು ಓದಿದವಳ ಹೆಸರು ಮೂಲೆ ಸೇರಿತು. ಹೆಂಗಸರಾದ ನಮಗೆ ಇದೇನೂ ಹೊಸದಲ್ಲ, ಬಿಡಿ.

ಮುಂದೆ ಅಮೆರಿಕದ ಎಫ್‌ಬಿಐನವರು ಈ ವಿದ್ಯೆಯನ್ನು ಬೆಳೆಸಲು ಜೈಲುಗಳಿಗೆ ಹೋಗಿ 36 ಕೊಲೆಗಾರರನ್ನು ಮಾತಾಡಿಸಿದರು. ಆ 36 ಜನರೂ ಗಂಡಸರು. ನನ್ನ ಶಾಲೆಯ ಮಕ್ಕಳ ಹಾಗೆ ಅಲ್ಲಿಯೂ ಮೊದಲು ಮೀಸೆಯೇ ಬಂತು ನೋಡಿ.

ಇನ್ನು ನಮ್ಮ ಕಡೆಗೆ ಬರೋಣ. ನಾನು ರಾಯಬಾಗ ತಾಲೂಕಿನ ಮಗಳು, ನಿಪ್ಪಾಣಿಯ ಸೊಸೆ. ನಮಗೆ ಬೆಳಗಾವಿಗಿಂತ ಕೊಲ್ಹಾಪುರ ಹತ್ತಿರ. ಕಾಗಲ ದಾಟಿದರೆ ಬಂದೇ ಬಿಟ್ಟಿತು. ದವಾಖಾನೆಗೆ ಕೊಲ್ಹಾಪುರ, ಮದುವೆಯ ಜವಳಿಗೆ ಕೊಲ್ಹಾಪುರ, ಹರಕೆ ಹೊತ್ತರೆ ಅಂಬಾಬಾಯಿ. ನಮ್ಮ ಚಿಂಚಲಿ ಮಾಯಕ್ಕನ ಜಾತ್ರೆಗೆ ಅವರು ಬರುತ್ತಾರೆ, ಅವರ ಜ್ಯೋತಿಬಾ ಜಾತ್ರೆಗೆ ನಾವು ಹೋಗುತ್ತೇವೆ. ಮಾತು ಮಾತ್ರ ಕನ್ನಡ ಮರಾಠಿ ಎಂದು ಎರಡು, ಗದ್ದಲ ಒಂದೇ.

ಆ ಗದ್ದಲದಲ್ಲಿ ನಾವು ಹೆಂಗಸರು ಪಾಲಿಸಿಕೊಂಡು ಬಂದ ಒಂದು ನಿಯಮವಿತ್ತು. ಕೈಯಲ್ಲಿ ಕೂಸಿದ್ದರೆ ಇನ್ನೊಬ್ಬ ಹೆಣ್ಣುಮಗಳ ಕೈಗೆ ಕೊಡಬಹುದು. ಗುರುತು ಪರಿಚಯ ಬೇಕಿಲ್ಲ. ಬಸ್ಸಿನ ಕಿಟಕಿಯಿಂದ ಕೂಸನ್ನು ಒಳಗೆ ಕೊಟ್ಟು, "ಸ್ವಲ್ಪ ಹಿಡೀರಿ ಅಕ್ಕಾ" ಎಂದು ಬಾಗಿಲಿಗೆ ಓಡುತ್ತಿದ್ದೆವು. 1993ರಲ್ಲಿ ನಾನೂ ಹಾಗೆ ಮಾಡಿದ್ದೇನೆ. ಮಗನ ಜಾವಳ ತೆಗೆಸಿ ಅಂಬಾಬಾಯಿಯ ದರ್ಶನಕ್ಕೆ ಹೋದಾಗ ನೂಕುನುಗ್ಗಲಿನಲ್ಲಿ ಸೀರೆಯ ನಿರಿಗೆ ಬಿಚ್ಚಿತು. ಪಕ್ಕದಲ್ಲಿದ್ದ ಹೆಂಗಸಿಗೆ ಮಗನನ್ನು ಕೊಟ್ಟು, ಗೋಡೆಯ ಕಡೆ ತಿರುಗಿ ನಿರಿಗೆ ಸರಿಮಾಡಿಕೊಂಡೆ. ಆಕೆ ನಗುತ್ತ ಮಗನನ್ನು ಹಿಂದಕ್ಕೆ ಕೊಟ್ಟಳು. ಅವಳ ಹೆಸರನ್ನೂ ನಾನು ಕೇಳಲಿಲ್ಲ.

1996ರ ನವೆಂಬರಿನಲ್ಲಿ ಪತ್ರಿಕೆಗಳಲ್ಲಿ ಮೂವರು ಹೆಂಗಸರ ಸುದ್ದಿ ಬಂತು. ಅಂಜನಾಬಾಯಿ ಗಾವಿತ, ಅವಳ ಹೆಣ್ಣುಮಕ್ಕಳಾದ ರೇಣುಕಾ ಶಿಂದೆ ಮತ್ತು ಸೀಮಾ ಗಾವಿತ. ಜಾತ್ರೆ, ಗುಡಿ, ಬಸ್ ನಿಲ್ದಾಣಗಳಲ್ಲಿ ಪರ್ಸು, ಸರ ಕದಿಯುವುದು ಅವರ ಕಸುಬು. ಬಗಲಲ್ಲಿ ಕೂಸಿದ್ದರೆ ಯಾರೂ ಸಂಶಯಪಡುವುದಿಲ್ಲ, ಸಿಕ್ಕಿಬಿದ್ದರೂ ಕೂಸಿನ ಮುಖ ನೋಡಿ ಬಿಟ್ಟುಬಿಡುತ್ತಾರೆ ಎಂಬುದು ಅವರ ಲೆಕ್ಕ. ಆ ಲೆಕ್ಕಕ್ಕಾಗಿ ಬಡವರ ಮಕ್ಕಳನ್ನು ಎತ್ತಿಕೊಂಡು ಹೋಗುತ್ತಿದ್ದರು. ಮೊದಲನೆಯದು 1990ರಲ್ಲಿ, ಕೊಲ್ಹಾಪುರದಲ್ಲಿಯೇ, ಭಿಕ್ಷೆ ಬೇಡುವ ಒಬ್ಬ ತಾಯಿಯ ಗಂಡುಕೂಸು. ಕಳವು ಮಾಡುವಾಗ ಸಿಕ್ಕಿಬಿದ್ದು ಜನ ಸೇರಿದರೆಂದು, ಅವರ ಗಮನ ಬೇರೆಡೆ ಸೆಳೆಯಲು ಆ ಕೂಸನ್ನೇ ನೆಲಕ್ಕೆ ಎಸೆದರು. ಗಾಯಗೊಂಡ ಕೂಸು ಅಳುವುದನ್ನು ನಿಲ್ಲಿಸದಾಗ ಕೊಂದರು. ಹೀಗೆ 1996ರವರೆಗೆ. 13 ಮಕ್ಕಳನ್ನು ಅಪಹರಿಸಿದರೆಂದು ಮೊಕದ್ದಮೆಯಾಯಿತು. ಮೇಲಿನ ನ್ಯಾಯಾಲಯಗಳವರೆಗೂ ನಿಂತದ್ದು ಐದು ಮಕ್ಕಳ ಕೊಲೆ. ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಆಗದು.

ಆರು ವರ್ಷ ಅವರು ಸಿಗದಿದ್ದುದೇಕೆ? ಬಚ್ಚಿಟ್ಟುಕೊಂಡಿದ್ದರೇ? ಇಲ್ಲ. ನಮ್ಮ ನಡುವೆಯೇ ಇದ್ದರು, ನಮ್ಮ ಹಾಗೆಯೇ ಸೀರೆ ಉಟ್ಟು, ಕುಂಕುಮ ಇಟ್ಟು, ಕೂಸಿಗೆ ಚುಪ್ ಚುಪ್ ಎನ್ನುತ್ತ. ನಮ್ಮ ಕಣ್ಣು ಮೀಸೆಯನ್ನು ಹುಡುಕುತ್ತಿತ್ತು.

ಅವರನ್ನು ಹಿಡಿದುಕೊಟ್ಟದ್ದೂ ಯಾವ ಪ್ರೊಫೈಲರ್‌ನ ಚಿತ್ರವಲ್ಲ. ಅಂಜನಾಬಾಯಿಯನ್ನು ಬಿಟ್ಟ ಗಂಡ ಬೇರೆ ಮದುವೆಯಾಗಿದ್ದ. ಆ ಸೇಡಿಗೆ ಇವರು ಅವನ ಒಂಬತ್ತು ವರ್ಷದ ಮಗಳನ್ನು 1995ರಲ್ಲಿ ಕೊಂದರು, ಮತ್ತೊಬ್ಬ ಮಗಳ ಮೇಲೂ ಕಣ್ಣಿಟ್ಟರು. ಆ ಹುಡುಗಿಯರ ತಾಯಿ, ನನ್ನ ಸಂಶಯ ಇಂಥವರ ಮೇಲೆ ಎಂದು ಪೊಲೀಸರಿಗೆ ದೂರು ಕೊಟ್ಟಳು. ಆ ದೂರಿನ ಎಳೆ ಹಿಡಿದು ಹೊರಟವರಿಗೆ ಮಿಕ್ಕದ್ದೆಲ್ಲ ಬಿಚ್ಚಿಕೊಂಡಿತು. ರೇಣುಕಾಳ ಗಂಡ ಮಾಫಿ ಸಾಕ್ಷಿಯಾದ. ಅಲ್ಲಿ ಆಲಿಸ್ ಕೆಲ್ಲಿ ಓದಿದ್ದೂ ದೂರು, ಇಲ್ಲಿ ದಾರಿ ತೋರಿಸಿದ್ದೂ ಒಬ್ಬ ತಾಯಿಯ ದೂರು.

ಆ ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮೂರು ವರ್ಷದ ಹಿಂದೆ ನನ್ನ ಮಗನನ್ನು ಹಿಡಿದುಕೊಂಡ ಆ ಹೆಂಗಸಿನ ಮುಖವನ್ನು ನೆನಪಿಸಿಕೊಳ್ಳಲು ನೋಡಿದೆ. ಪತ್ರಿಕೆಯ ಫೋಟೋವನ್ನು ದೀಪದ ಕೆಳಗೆ ಹಿಡಿದು ನೋಡಿದೆ. ಅವಳಲ್ಲ ಎನಿಸಿತು, ಅವಳೇ ಎಂದೂ ಎನಿಸಿತು. ನಮ್ಮತ್ತೆ, "ಆಕಿ ಪುಣ್ಯಾತಗಿತ್ತಿ, ಕೂಸನ್ನ ಹೊಳ್ಳಿ ಕೊಟ್ಟಾಳ. ಆಕೀನ್ಯಾಕ ಕಳ್ಳಿ ಮಾಡ್ತಿ? ಸುಮ್ನ ಮಲಗ" ಎಂದು ಗದರಿದರು. ಅವರ ಮಾತು ಎಷ್ಟು ದೊಡ್ಡದಾಗಿತ್ತು ಎಂದು ಆಗ ತಿಳಿಯಲಿಲ್ಲ.

ಎರಡು ತಿಂಗಳಿಗೆ, 1997ರ ಜನವರಿಯಲ್ಲಿ, ಆ ದಿನ ಬಂತು. ಆಗ ನಾನು ಕೆಲಸಕ್ಕಿದ್ದ ಶಾಲೆಯಲ್ಲಿ ಮಧ್ಯಾಹ್ನದ ಸೂಟಿ ಮುಗಿದು ಗಂಟೆ ಬಾರಿಸಿದಾಗ ಎರಡನೇ ಇಯತ್ತೆಯ ಒಬ್ಬ ಹುಡುಗ ಇರಲಿಲ್ಲ. ಶೌಚಾಲಯ, ಬಾವಿಕಟ್ಟೆ, ಹಿಂದಿನ ಬಯಲು ಎಲ್ಲ ನೋಡಿದರು. ಪೇಟೆಯವರೂ ಕೂಡಿದರು. ಯಾರೋ "ಏನರ ನೋಡೀರೇನ್ರಿ ಅಕ್ಕೋರ?" ಎಂದು ಕೇಳಿದರು.

"ಗೇಟಿನ ಕಡೆ ಒಬ್ಬಾಕಿ ಕುಂತಿದ್ಲು. ಬಗಲಾಗ ಕೂಸಿತ್ತು" ಎಂದೆ.

ನಾನು ಹೇಳಿದ್ದು ಇಷ್ಟೇ. ಸುಳ್ಳೇನೂ ಹೇಳಲಿಲ್ಲ. ಆಕೆ ಸೂಜಿ, ಪಿನ್ನು, ಟಿಕಳಿ, ಹಣಿಗೆಗಳ ಬುಟ್ಟಿ ಹೊತ್ತು ಊರೂರು ತಿರುಗುವವಳು. ಮಕ್ಕಳು ಅವಳ ಸುತ್ತ ಕುಳಿತದ್ದನ್ನು ಕಂಡಿದ್ದೆ. ಆದರೆ ಆ ದಿನಗಳಲ್ಲಿ ಆ ಮಾತಿಗೆ ಏನು ಅರ್ಥವಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು.

ಹತ್ತು ನಿಮಿಷದಲ್ಲಿ ಅವಳನ್ನು ಎಳೆದುಕೊಂಡು ಬಂದರು. ಬುಟ್ಟಿ ಯಾವಾಗಲೋ ಉರುಳಿತ್ತು. ಒಬ್ಬಾಕೆ ಕೂದಲು ಹಿಡಿದಿದ್ದಳು. ಇನ್ನೊಬ್ಬಾಕೆ ಅವಳ ಬಗಲಿನ ಕೂಸನ್ನು ಕಸಿದುಕೊಂಡು, "ನೋಡ್ರಿ, ಈಕಿ ಕರೇ ಅದಾಳ, ಕೂಸು ಬೆಳ್ಳಗೈತಿ. ಇದು ಈಕೀದ ಹೆಂಗಾಕ್ಕೈತಿ?" ಎಂದು ಎಲ್ಲರಿಗೂ ತೋರಿಸುತ್ತಿದ್ದಳು. ಹೌದೌದು ಎಂದರು ಜನ. ಹೊಡೆತ ಬಿದ್ದವು. ಆಕೆ "ನಂದರೀ, ನಂದರೀ ಯವ್ವಾ" ಎನ್ನುವುದನ್ನು ಬಿಟ್ಟು ಬೇರೇನೂ ಹೇಳಲಿಲ್ಲ. ನಾನು ಮೆಟ್ಟಿಲ ಮೇಲೆ ನಿಂತಿದ್ದೆ.

ಕೂಸು ಕಿರುಚಿ ಕಿರುಚಿ ಉಸಿರು ಕಟ್ಟುವ ಹಾಗಾಯಿತು. ಆಗ ನಮ್ಮ ಶಾಲೆಯ ಆಯಾ, ಆರು ಮಕ್ಕಳನ್ನು ಹೆತ್ತ ಮುದುಕಿ, ಗುಂಪಿನೊಳಗೆ ನುಗ್ಗಿ, "ಆಕಿ ಕುಬಸ ನೋಡ್ರಿ, ಕಣ್ಣು ಕುರುಡಾಗ್ಯಾವೇನ?" ಎಂದು ಕೂಗಿದಳು. ನೋಡಿದೆವು. ಕೂಸಿನ ಅಳುವಿಗೆ ಅವಳಿಗೆ ಹಾಲು ಇಳಿದು ಕುಬಸವೆಲ್ಲ ತೊಯ್ದಿತ್ತು. ಕೂದಲು ಹಿಡಿದವಳೇ ಮೊದಲು ಕೈಬಿಟ್ಟಳು. ಕೂಸು ತಾಯಿಯ ಎದೆ ಸಿಕ್ಕ ಕೂಡಲೇ ಸುಮ್ಮನಾಯಿತು. ಗಂಡಸರು ಬೇರೆ ಕಡೆ ನೋಡುತ್ತ ಒಬ್ಬೊಬ್ಬರಾಗಿ ಕರಗಿದರು.

ಹುಡುಗನೂ ಸಿಕ್ಕ. ಹೊಟ್ಟೆನೋವೆಂದು ಯಾರಿಗೂ ಹೇಳದೆ ಮನೆಗೆ ಹೋಗಿ, ಬೀಡಿ ಕಟ್ಟುತ್ತ ಕುಳಿತ ಅಜ್ಜಿಯ ಪಕ್ಕದಲ್ಲಿ ಮಲಗಿದ್ದ.

ನಾನು ಕೆಳಗಿಳಿದು ಹೋಗಿ ಧೂಳಿನಲ್ಲಿ ಬಿದ್ದ ಪಿನ್ನುಗಳನ್ನು ಆರಿಸಿಕೊಡತೊಡಗಿದೆ. ಮಾತು ಬರಲಿಲ್ಲ. ಆಕೆಯೇ ಮಾತಾಡಿದಳು. "ಅಕ್ಕೋರ, ನೀವು ಕಲತಾವ್ರು ಅದೀರಿ. ಈ ಕೂಸು ನಂದ ಅಂತ ಒಂದು ಚೀಟಿ ಬರದು ಕೊಡ್ರಿ. ಮುಂದಿನ ಊರಾಗ ತೋರಸ್ತೇನಿ."

ನಾನು ಮುಖ್ಯಾಧ್ಯಾಪಕರ ಮುಖ ನೋಡಿದೆ. "ನಮಗ್ಯಾಕ ಬೇಕ್ರಿ ಬಾಯಿ ಅದು? ಶಾಲಿ ಶಿಕ್ಕಾ ಹೊಡದು ಕೊಟ್ಟು ನಾಳೆ ಏನರ ಆದ್ರ?" ಎಂದರು. ಕಾಯಿದೆಯ ಪ್ರಕಾರ ಅವರ ಮಾತು ಸರಿಯೇ ಇತ್ತು. ಕೂಸು ಇಂಥವಳದು ಎಂದು ಬರೆದುಕೊಡಲು ನಾವು ಯಾರು? ಆದರೆ ಕೂಸು ಅವಳದಲ್ಲ ಎಂದು ತೀರ್ಮಾನ ಮಾಡುವಾಗ ಯಾರೂ ಕಾಯಿದೆ ಕೇಳಿರಲಿಲ್ಲ. ನನಗೆ ಇದನ್ನು ಹೇಳುವ ಧೈರ್ಯ ಬರಲಿಲ್ಲ. ಪರ್ಸಿನಿಂದ ಹತ್ತು ರೂಪಾಯಿ ತೆಗೆದು ಅವಳ ಕೈಯಲ್ಲಿಟ್ಟೆ. ಆಕೆ ಬುಟ್ಟಿಯಿಂದ ಹತ್ತು ರೂಪಾಯಿಯ ಪಿನ್ನು ಎಣಿಸಿ ನನಗೆ ಕೊಟ್ಟು, ಎದ್ದು ಹೋದಳು.

ಅಂದಿನಿಂದ ನಾನು ಯೋಚಿಸಿದ್ದೇನೆ. ನವೆಂಬರಿಗೆ ಮೊದಲು ಬಗಲಲ್ಲಿ ಕೂಸಿದ್ದವಳ ಮೇಲೆ ನಮಗೆ ಸಂಶಯವೇ ಇರಲಿಲ್ಲ. ಜನವರಿಯಲ್ಲಿ ಬಗಲಲ್ಲಿ ಕೂಸಿದ್ದುದೇ ಅಪರಾಧವಾಯಿತು. ನಾವು ಕಲಿತದ್ದೇನು? ಹಳೆಯ ಚಿತ್ರ ಒರೆಸಿ ಹೊಸದನ್ನು ಬರೆದುಕೊಂಡೆವು, ಅಷ್ಟೇ. ಅದನ್ನು ಕೈಗೆ ಸಿಕ್ಕ ಮೊದಲ ಬಡವಿಯ ಕೊರಳಿಗೆ ನೇತುಹಾಕಿದೆವು. ನಮ್ಮ ನೆರೆಯವಳೊಬ್ಬಳು ಜರಿಸೀರೆ ಉಟ್ಟು ಕೂಸನ್ನು ಎತ್ತಿಕೊಂಡು ನಿಂತಿದ್ದರೆ ಅವಳನ್ನು ಯಾರಾದರೂ ಮುಟ್ಟುತ್ತಿದ್ದರೇ? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಮಕ್ಕಳಿಗೆ ವಿಸ್ತರಿಸಲು ಕೊಟ್ಟು ಹತ್ತಕ್ಕೆ ಎಂಟು ಅಂಕ ಹಾಕುತ್ತಿದ್ದವಳು ನಾನು.

ಆ ಮೂವರ ಗತಿ ಏನಾಯಿತೆಂದು ಕೇಳುವಿರಿ. ಅಂಜನಾಬಾಯಿ 1997ರಲ್ಲಿ ಜೈಲಿನಲ್ಲೇ ಸತ್ತಳು. ಹೆಣ್ಣುಮಕ್ಕಳಿಬ್ಬರಿಗೆ 2001ರಲ್ಲಿ ಕೊಲ್ಹಾಪುರದ ನ್ಯಾಯಾಲಯ ಗಲ್ಲುಶಿಕ್ಷೆ ವಿಧಿಸಿತು. ಮುಂಬಯಿ ಹೈಕೋರ್ಟು 2004ರಲ್ಲಿ, ಸುಪ್ರೀಂ ಕೋರ್ಟು 2006ರಲ್ಲಿ ಅದನ್ನು ಎತ್ತಿಹಿಡಿದವು. 2014ರಲ್ಲಿ ರಾಷ್ಟ್ರಪತಿಗಳು ದಯಾ ಅರ್ಜಿ ತಳ್ಳಿಹಾಕಿದರು. ಅರ್ಜಿಯ ಇತ್ಯರ್ಥಕ್ಕೆ ಸರಕಾರ ವರ್ಷಗಟ್ಟಲೆ ತಡ ಮಾಡಿತೆಂದು 2022ರ ಜನವರಿಯಲ್ಲಿ ಹೈಕೋರ್ಟು ಗಲ್ಲನ್ನು ಜೀವಾವಧಿಗೆ ಇಳಿಸಿತು. ನಮ್ಮ ಶಿಕ್ಷಕಿಯರ ಕೋಣೆಯಲ್ಲಿ ಅಂದು ದೊಡ್ಡ ವಾದವಾಯಿತು. ಹೆಣ್ಣಾಗಿ ಹುಟ್ಟಿ ಹೀಗೆ ಮಾಡಿದವರನ್ನು ಬಿಡಬಾರದಿತ್ತು ಎಂದರು ಹಲವರು. ಹೆಣ್ಣಿಗೆ ಬೇರೆ ತಕ್ಕಡಿ ಏಕೆ ಎಂದು ನಾನು ಕೇಳಿದೆ. ಹೆಣ್ಣೆಂದರೆ ಕೂಸಿಗೆ ಕೇಡು ಬಗೆಯಳು ಎಂಬ ನಂಬಿಕೆಯೇ ಅಲ್ಲವೇ ಆರು ವರ್ಷ ಅವರನ್ನು ಕಾಪಾಡಿದ್ದು?

ಇವರ ಕತೆ ಮುಗಿದರೂ ಚಿತ್ರ ಬರೆಯುವ ನಮ್ಮ ಚಾಳಿ ಮುಗಿಯಲಿಲ್ಲ. ಈಗ ಮೊಬೈಲು ಅದಕ್ಕೆ ಕಾಲು ಕೊಟ್ಟಿದೆ. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ದುಡಿಯಲು ಬಂದ ಒಬ್ಬ ಯುವಕನನ್ನು ಮಕ್ಕಳ ಕಳ್ಳನೆಂದು ಹೊಡೆದು ಕೊಂದರು. ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನಪಾಡಾದಲ್ಲಿ ಐವರನ್ನು ಕೊಂದರು. ಅವರು ಭಿಕ್ಷೆ ಬೇಡುತ್ತ ತಿರುಗುವ ಅಲೆಮಾರಿಗಳು, ನಮ್ಮ ಅಥಣಿಯಿಂದ ದೂರವೇನೂ ಅಲ್ಲದ ಮಂಗಳವೇಢೆ ಸೀಮೆಯವರು. ಬಸವಣ್ಣನವರು ಕರಣಿಕರಾಗಿದ್ದ ಮಂಗಳವೇಢೆ. ಅದೇ ತಿಂಗಳು ಬೀದರ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕಲೇಟು ಕೊಟ್ಟರೆಂದು ಸಂಶಯಪಟ್ಟು ಹೈದರಾಬಾದಿನಿಂದ ಬಂದವರ ಕಾರನ್ನು ಬೆನ್ನಟ್ಟಿ ಒಬ್ಬ ಇಂಜಿನಿಯರನನ್ನು ಕೊಂದರು. ಇವರಲ್ಲಿ ಒಬ್ಬರೂ ಮಕ್ಕಳ ಕಳ್ಳರಾಗಿರಲಿಲ್ಲ.

ಮತ್ತೆ 2022ರ ಸೆಪ್ಟೆಂಬರ್ 13. ಅಥಣಿಯ ಮಗ್ಗುಲಿನ ಜತ್ತ ತಾಲೂಕಿನ ಲವಂಗಾ ಎಂಬ ಹಳ್ಳಿ. ವಿಜಯಪುರದಿಂದ ಪಂಢರಪುರಕ್ಕೆ ಹೊರಟಿದ್ದ ನಾಲ್ವರು ಸಾಧುಗಳು ಒಬ್ಬ ಹುಡುಗನನ್ನು ದಾರಿ ಕೇಳಿದರು. ಜನ ಸೇರಿ ಕೋಲುಗಳಿಂದ ಹೊಡೆದರು. ಪೊಲೀಸರು ವಿಚಾರಿಸಿದಾಗ ಅವರು ನಿಜವಾಗಿಯೂ ಸಾಧುಗಳೇ ಎಂದು ತಿಳಿಯಿತು. ನಾನು ಮಕ್ಕಳಿಂದ ಚಿತ್ರ ಬರೆಸಿದ್ದು ಅದೇ ವಾರ. ಗಡ್ಡದ ಸಾಧು ಅವರ ಹಾಳೆಯೊಳಗೆ ಎಲ್ಲಿಂದ ಬಂದನೆಂದು ನಿಮಗೀಗ ತಿಳಿದಿರಬೇಕು.

ಹಾಗಾದರೆ ತಾಯಂದಿರು ಹೆದರಬಾರದೇ? ಹೆದರೋಣ. ಗಾವಿತ ತಾಯಿ ಮಕ್ಕಳು ಕಟ್ಟುಕತೆಯಲ್ಲ. ಆದರೆ ಹೆದರಿಕೆಯನ್ನು ಬೀದಿಗೆ ಒಯ್ಯದೆ ಠಾಣೆಗೆ ಒಯ್ಯೋಣ. ಮಗು ಕಾಣದಿದ್ದರೆ ಒಂದು ದಿನ ಕಾದು ನೋಡಬೇಕು ಎಂಬುದು ತಪ್ಪು ತಿಳುವಳಿಕೆ. ಮಗು ಕಾಣೆಯಾದ ದೂರು ಬಂದರೆ ಪೊಲೀಸರು ಪ್ರಕರಣ ದಾಖಲಿಸಲೇಬೇಕು ಎಂದು ಸುಪ್ರೀಂ ಕೋರ್ಟು 2013ರಲ್ಲಿಯೇ ಹೇಳಿದೆ. 1098 ಎಂಬ ಮಕ್ಕಳ ಸಹಾಯವಾಣಿ ಇದೆ, 112 ಇದೆ. ಒಬ್ಬಾಕೆಯ ಮೇಲೆ ಸಂಶಯ ಬಂದರೆ ಫೋನು ಮಾಡಿ, ಅವರು ಬರುವತನಕ ಆಕೆಯನ್ನು ನೆರಳಿನಲ್ಲಿ ಕೂಡಿಸಿ ನೀರು ಕೊಡಿ. ಆಕೆ ಕಳ್ಳಿಯಾದರೆ ಪೊಲೀಸರಿಗೆ ಸಿಗುತ್ತಾಳೆ. ತಾಯಿಯಾದರೆ ನಿಮಗೆ ಜೀವಮಾನದ ನಾಚಿಕೆ ತಪ್ಪುತ್ತದೆ. ಭಿಕ್ಷೆ ಬೇಡುವವಳು ನನ್ನ ಕೂಸು ಕಾಣುತ್ತಿಲ್ಲ ಎಂದು ಅತ್ತರೆ ನಿಂತು ಕೇಳಿ, ಜೊತೆಗೆ ಠಾಣೆಯವರೆಗೆ ಹೋಗಿ. 1990ರಲ್ಲಿ ಕೂಸನ್ನು ಕಳೆದುಕೊಂಡ ಆ ತಾಯಿಯಂಥವರ ಮಾತಿಗೆ ನಮ್ಮಲ್ಲಿ ಎಷ್ಟು ಬೆಲೆ ಇದೆ ಎಂದು ನಮಗೆ ಗೊತ್ತೇ ಇದೆ.

ಅಂದು ಚಿತ್ರಕಲೆಯ ತಾಸು ಮುಗಿದ ಮೇಲೆ ಮುಂದಿನ ಕನ್ನಡದ ತಾಸಿನಲ್ಲಿ ಪಾಠ ಬಿಟ್ಟು ಮಕ್ಕಳಿಗೆ ಇದನ್ನೆಲ್ಲ ಹೇಳಿದೆ. ಕೊಲೆಯ ಮಾತನ್ನು ತೇಲಿಸಿ, ನನ್ನ ತಪ್ಪಿನ ಮಾತನ್ನು ಮಾತ್ರ ತೇಲಿಸದೆ ಹೇಳಿದೆ. ಮಕ್ಕಳೆದುರು ತಪ್ಪು ಒಪ್ಪಿಕೊಳ್ಳುವುದು ಎಷ್ಟು ಕಷ್ಟ ಎಂದು ಶಿಕ್ಷಕಿಯರಿಗೆ ಬೇರೆ ಹೇಳಬೇಕಿಲ್ಲ. ಅವು ಸದ್ದಿಲ್ಲದೆ ಕೇಳಿದವು. ಕೊನೆಗೆ ಮೀಸೆಯ ಹುಡುಗಿ ಎದ್ದು ನಿಂತು ಕೇಳಿದಳು.

"ಆಕಿ ಮುಂದ ಎಲ್ಲಿಗಿ ಹೋದ್ಲರಿ ಅಕ್ಕೋರ?"

"ಚಿಕ್ಕೋಡಿ ರಸ್ತೆ ಹಿಡದು ಹೋದ್ಲು" ಎಂದೆ.

"ಚೀಟಿ ಇಲ್ಲದ?"

"ಚೀಟಿ ಇಲ್ಲದ."